ಸಚಿವರೇ, ಯುದ್ಧದ ಪಾಠದಲ್ಲಿ ಕಾರ್ಟೂನಿಗೂ ಒಂದು ಪುಟ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಹತ್ತನೇ ತರಗತಿಗೆ ಎರಡನೇ ಮಹಾಯುದ್ಧದ ಪಾಠ ಮಾಡುವಾಗ ಕಾರಣ, ಪರಿಣಾಮ, ಇಸವಿ ಎಲ್ಲ ಹೇಳಿಕೊಡುತ್ತೇವೆ. ಆದರೆ ಒಮ್ಮೆಯೂ ಮುಖ ನೋಡದ ಜನರ ಮೇಲೆ ಅಷ್ಟೊಂದು ದ್ವೇಷ ಹುಟ್ಟಿದ್ದು ಹೇಗೆ? ಈ ಪ್ರಶ್ನೆಗೆ ಪಾಠದಲ್ಲಿ ಜಾಗವೇ ಇಲ್ಲ. ಉತ್ತರದ ಒಂದು ಪಾಲು ಆ ಕಾಲದ ಕಾರ್ಟೂನ್‌ಗಳಲ್ಲಿದೆ.

ನಮ್ಮ ಮಕ್ಕಳಿಗೂ ಗೊತ್ತಿರುವ ಬಗ್ಸ್ ಬನ್ನಿಯನ್ನೇ ನೋಡಿ. 1944ರಲ್ಲಿ ವಾರ್ನರ್ ಬ್ರದರ್ಸ್ ಮಾಡಿದ ಒಂದು ಚಿತ್ರದಲ್ಲಿ ಅವನು ಐಸ್‌ಕ್ರೀಮ್ ಗಾಡಿ ತರುತ್ತಾನೆ. ಜಪಾನಿ ಸೈನಿಕರು ಮುಗಿಬೀಳುತ್ತಾರೆ. ಒಂದೊಂದು ಐಸ್‌ಕ್ರೀಮಿನೊಳಗೂ ಗ್ರೆನೇಡ್! ಕೊಡುವಾಗ ಬಾಯಲ್ಲಿ ಬೈಗುಳ ಬೇರೆ. ಆ ಸೈನಿಕರಿಗೆ ಉಬ್ಬುಹಲ್ಲು, ಸೀಳುಗಣ್ಣು. ಇದನ್ನು ನೋಡಿ ಜನ ನಗುತ್ತಿದ್ದಾಗ ಅಮೆರಿಕದೊಳಗೇ ಜಪಾನಿ ಮೂಲದ ಸಾವಿರಾರು ಜನ ಮುಳ್ಳುತಂತಿಯ ಶಿಬಿರಗಳಲ್ಲಿದ್ದರು. 1942ರಿಂದ ಹಾಗೆ ಒಟ್ಟು ಸುಮಾರು 1,20,000 ಜನರನ್ನು ಕೂಡಿಹಾಕಲಾಗಿತ್ತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ.

ಜಪಾನ್ ಕೂಡ ಸುಮ್ನೆ ಕೂರಲಿಲ್ಲ. ಪೀಚ್ ಹಣ್ಣಿನಿಂದ ಹುಟ್ಟಿ ರಾಕ್ಷಸರನ್ನು ಗೆಲ್ಲುವ ಮೊಮೊತಾರೊ ಅಲ್ಲಿನ ಜನಪದ ಕಥೆಯ ಹುಡುಗ. 1943ರ ಚಿತ್ರದಲ್ಲಿ ಅವನ ಪಡೆ ಬಾಂಬ್ ಹಾಕುವ ರಾಕ್ಷಸರ ದ್ವೀಪ ಅಂದರೆ 1941ರಲ್ಲಿ ಜಪಾನ್ ದಾಳಿ ಮಾಡಿದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್. 1945ರಲ್ಲಿ ನೌಕಾಪಡೆಯೇ ಮಾಡಿಸಿದ ಇನ್ನೊಂದು ಚಿತ್ರದಲ್ಲಿ ದ್ವೀಪದ ಪ್ರಾಣಿಗಳಿಗೆ ಹಾಡು ಹೇಳಿ ಜಪಾನಿ ಅಕ್ಷರ ಕಲಿಸುತ್ತಾರೆ. ಬಹಳ ಮುದ್ದಾದ ದೃಶ್ಯ. ನನಗೆ ಗ್ರೆನೇಡಿಗಿಂತ ಜಾಸ್ತಿ ಭಯ ಹುಟ್ಟಿಸುವುದು ಇದೇ. ಬೇರೆಯವರ ನಾಡನ್ನು ಕಸಿದುಕೊಂಡದ್ದು ಇಲ್ಲಿ ಉಪಕಾರದಂತೆ ಕಾಣುತ್ತದೆ.

ಇಂಥ ಚಿತ್ರಗಳೆಲ್ಲ ದ್ವೇಷದ್ದೇ ಅಂತ ನಾನು ಹೇಳುವುದಿಲ್ಲ. 1942ರಲ್ಲಿ ಡೊನಾಲ್ಡ್ ಡಕ್ ಯುದ್ಧಕ್ಕಾಗಿ ಆದಾಯ ತೆರಿಗೆ ಕಟ್ಟಿ ಎಂದು ಕೇಳಿದ್ದೂ ಉಂಟು. ಮಕ್ಕಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಅಲ್ವಾ? ಇದನ್ನು ಮಾಡಿಸಿದ್ದು ಯಾರು, ದುಡ್ಡು ಯಾರದ್ದು, ನಾವು ನಗುತ್ತಿರುವುದು ಯಾರನ್ನು ನೋಡಿ ಎಂದು ಕೇಳಲು ಕಲಿಯಬೇಕು. ಈಗಂತೂ ಗಡಿಯಲ್ಲಿ ಗುಂಡಿನ ಸದ್ದಾದರೆ ಸಾಕು, ಎಐನಲ್ಲಿ ಮಾಡಿದ ವಿಡಿಯೊಗಳು ಮೊಬೈಲಿಗೆ ಬಂದು ಬೀಳುತ್ತವೆ. ಅವನ್ನು ಯಾರು ಮಾಡಿದರೆಂಬುದೂ ತಿಳಿಯುವುದಿಲ್ಲ.

ಮುಂದಿನ ಪರಿಷ್ಕರಣೆಯಲ್ಲಿ ಈ ಪಾಠಕ್ಕೆ ಒಂದು ಪುಟ, ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಕೊಡಿಸಿ. ಬೈಗುಳವಿರುವ ಚಿತ್ರಗಳನ್ನು ಪೂರ್ತಿ ತೋರಿಸುವುದು ಬೇಡ, ನಾಲ್ಕಾರು ಸ್ಥಿರಚಿತ್ರ ಸಾಕು. ಅದಕ್ಕೂ ಮೊದಲು ಶಿಕ್ಷಕರಾದ ನಮಗೆ ಒಂದು ದಿನದ ತರಬೇತಿ ಕೊಡಿಸಿ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ಶಿಕ್ಷಕಿ