ಕದ್ದ ಚಿತ್ರ ಅಚ್ಚಾಗುವ ಗಾಳಾಕ್ಕೆ (ಸಣ್ಣ ಕಾರ್ಖಾನೆ ಮಳಿಗೆಗೆ) ಪೊಲೀಸರು ಹೋಗುವಂತಾಗಲಿ: ಸಾಂಸ್ಕೃತಿಕ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಸಾಂಸ್ಕೃತಿಕ ವ್ಯವಹಾರ ಹಾಗೂ ಮಾಹಿತಿ ತಂತ್ರಜ್ಞಾನ ಸಚಿವರು,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ

ವಿಷಯ: ಕಾಪಿರೈಟ್ ಕಾಯ್ದೆಯ 63 ಮತ್ತು 64ನೇ ಸೆಕ್ಷನ್‌ಗಳು ಪೊಲೀಸ್ ಠಾಣೆಯ ಮಟ್ಟದಲ್ಲಿ ಸ್ವತಂತ್ರ ಕಲಾವಿದರಿಗೂ ಸಿಗುವಂತೆ ಮಾಡುವ ಬಗ್ಗೆ

ಮಾನ್ಯರೇ,

ಆನ್‌ಲೈನ್ ಅಂಗಡಿಗಳಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಟೀ ಶರ್ಟೊಂದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಕಳವಿನ ಗುರುತು ಬಟ್ಟೆಯ ಮೇಲೆಯೇ ಸಿಗುತ್ತದೆ. ಎದೆಯ ಮೇಲೆ ಬಡಗುತಿಟ್ಟು ಯಕ್ಷಗಾನದ ಅಭಿಮನ್ಯು, ತಲೆಗೆ ಕೇದಗೆ ಮುಂದಲೆ ಎಂಬ ಶಿರೋಭೂಷಣ. ದೂರದಿಂದ ಚೆಂದ. ಹತ್ತಿರ ಬಂದರೆ ಮುಂದಲೆಯ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಕಾಡಿಗೆಯ ಅಂಚಿನಲ್ಲಿ ಚೌಕ ಚೌಕ ಕಲೆ, ಬಲಗಾಲಿನ ಬಳಿ ಸಹಿ ಇದ್ದ ಜಾಗದಲ್ಲಿ ಹಿನ್ನೆಲೆಯ ಬಣ್ಣವನ್ನೇ ಎಳೆದು ಹಚ್ಚಿದ ತೇಪೆ. ಕಲಾವಿದರು ಇನ್‌ಸ್ಟಾಗ್ರಾಮಿಗೆ ಹಾಕಿದ್ದು 1080 ಪಿಕ್ಸೆಲ್ ಅಗಲದ ಚಿತ್ರ. ಅದನ್ನು 12 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಚುಕ್ಕಿ ಉಳಿಯುತ್ತದೆ. ಒಳ್ಳೆಯ ಮುದ್ರಣಕ್ಕೆ 300 ಬೇಕು. 3600 ಪಿಕ್ಸೆಲ್ ಅಗಲದ, ಪದರ ಪದರವಾಗಿ ಬಿಚ್ಚಿಕೊಳ್ಳುವ ಮೂಲ ಫೈಲು ಬರೆದವರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬರೆದವರು ಯಾರು, ಕದ್ದವರು ಯಾರು ಎಂದು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡುವ ಒಂದು ಮೇಜು ಈ ರಾಜ್ಯದಲ್ಲಿ ಬೇಕು ಎಂಬುದೇ ನಮ್ಮ ಬೇಡಿಕೆ.

ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇವೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ಡೊಂಬಿವಲಿ, ಥಾಣೆ, ಮೀರಾರೋಡ್, ವಸಾಯಿಗಳಲ್ಲಿ ಮನೆಯಲ್ಲೇ ಕೂತು ಚಿತ್ರ ಬರೆಯುವ ನಮ್ಮವರಿಗಾಗಿ. ದೂರು ಹೇಗೆ ಕಟ್ಟಬೇಕು ಎಂಬುದು ಅವರಿಗೂ ಗೊತ್ತಾಗಬೇಕು.

ಮೊದಲು ಯಾವುದು ಯಾರದು ಎಂಬ ಮಾತು. ಯಕ್ಷಗಾನದ ವೇಷ ಯಾರೊಬ್ಬರ ಸೊತ್ತೂ ಅಲ್ಲ. ಅಭಿಮನ್ಯುವನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಒಬ್ಬರು ಬರೆದ ಆ ಒಂದು ಅಭಿಮನ್ಯು, ಆ ಗೆರೆ, ಆ ಭಂಗಿ, ಆ ಬಣ್ಣಗಳ ಜೋಡಣೆ ಬರೆದವರದೇ. 1957ರ ಕಾಪಿರೈಟ್ ಕಾಯ್ದೆ ಆ ಹಕ್ಕನ್ನು ಕಲಾವಿದರ ಜೀವಮಾನವಿಡೀ, ಅವರು ತೀರಿಕೊಂಡ ಮರುವರ್ಷದಿಂದ ಇನ್ನೂ 60 ವರ್ಷ ಕಾಪಾಡುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳನ್ನು ಇಂದು ಯಾರೂ ಅಚ್ಚು ಹಾಕಬಹುದು. ಉಡುಪಿಯ ಸೀಮೆಯಿಂದ ಈ ನಗರಕ್ಕೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಕಲಿಸಿದ ಕೆ.ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ; ಅವರ ರೇಖಾಚಿತ್ರಗಳ ಮೇಲಿನ ಹಕ್ಕು 2056ರ ಕೊನೆಯ ದಿನದವರೆಗೂ ಜೀವಂತ. 'ಶೇಕಡಾ ಮೂವತ್ತು ಬದಲಿಸಿದರೆ ತಪ್ಪಿಲ್ಲ', 'ಹೆಸರು ಹಾಕಿದರೆ ಸಾಕು' ಎಂದು ಪ್ರಿಂಟಿಂಗ್ ಲೈನಿನವರು ಹೇಳುವುದುಂಟು. ಎರಡಕ್ಕೂ ಕಾಯ್ದೆಯಲ್ಲಿ ಆಧಾರವಿಲ್ಲ. ಬೀದಿ ಗೋಡೆಯ ಮೇಲೆ ಬರೆದದ್ದು ಎಲ್ಲರದೂ ಎಂಬ ನಂಬಿಕೆಯೂ ಹಾಗೆಯೇ: ಸಾರ್ವಜನಿಕ ಸ್ಥಳದ ಶಿಲ್ಪಕ್ಕೆ ಕಾಯ್ದೆ ಕೊಟ್ಟಿರುವ ವಿನಾಯಿತಿಯಲ್ಲಿ ಗೋಡೆಚಿತ್ರ ಸೇರಿಲ್ಲ.

ಕಳವು ಕಂಡಾಗ ಕಲಾವಿದರ ಮುಂದೆ ಈಗಿರುವ ದಾರಿ ಆನ್‌ಲೈನ್ ಕಂಪನಿಗೆ ಲಿಖಿತ ದೂರು ಕೊಡುವುದು. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದ ಪ್ರಕಾರ ದೂರು ಸರಿಯಿದ್ದರೆ 36 ಗಂಟೆಯೊಳಗೆ ಆ ಪುಟವನ್ನು ಮುಚ್ಚಬೇಕು. ತೊಡಕು ಮುಂದಿದೆ. ಮೊಕದ್ದಮೆ ಹೂಡಿ 21 ದಿನದೊಳಗೆ ನ್ಯಾಯಾಲಯದ ಆದೇಶ ತಂದುಕೊಡುತ್ತೇನೆ ಎಂದು ದೂರುದಾರರೇ ಬರೆದುಕೊಡಬೇಕು. ತರದಿದ್ದರೆ ಪುಟವನ್ನು ಮತ್ತೆ ತೆರೆಯಬಹುದು. ಮುನ್ನೂರು ರೂಪಾಯಿಯ ಶರ್ಟಿಗಾಗಿ ಮೂರು ವಾರದಲ್ಲಿ ವಕೀಲರನ್ನು ಹಿಡಿದು ತಡೆಯಾಜ್ಞೆ ತರುವ ಶಕ್ತಿ ಎಷ್ಟು ಚಿತ್ರಕಾರರಿಗಿದೆ? ಇನ್ನು, ಪುಟ ಹೋದ ಮಾತ್ರಕ್ಕೆ ಮಾಲು ಹೋಗುವುದಿಲ್ಲ. ಅದೇ ಗಾಳಾದಿಂದ, ಅದೇ ಚಿತ್ರ, ಬೇರೆ ಅಂಗಡಿಯ ಹೆಸರಲ್ಲಿ ಮರುದಿನ ಮೇಲೇಳುತ್ತದೆ. ಗಣಪತಿ ಹಬ್ಬದ ಮಾಲು ಹಬ್ಬ ಮುಗಿಯುವಷ್ಟರಲ್ಲಿ ಖಾಲಿಯಾಗಿರುತ್ತದೆ. ಆಮೇಲೆ ಬರುವ ಪರಿಹಾರದ ಆದೇಶ ಆ ವರ್ಷದ ಗಳಿಕೆಯನ್ನು ಹಿಂದಕ್ಕೆ ತಂದುಕೊಡುವುದಿಲ್ಲ.

ಅದಕ್ಕೇ 63 ಮತ್ತು 64ನೇ ಸೆಕ್ಷನ್‌ಗಳ ಕಡೆ ನಿಮ್ಮ ಗಮನ ಸೆಳೆಯುತ್ತಿದ್ದೇವೆ. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ 63. ಇದು ಸಂಜ್ಞೇಯ ಹೌದೋ ಅಲ್ಲವೋ ಎಂದು ಹೈಕೋರ್ಟುಗಳಲ್ಲಿ ಭಿನ್ನಾಭಿಪ್ರಾಯವಿತ್ತು. 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಸಂಜ್ಞೇಯ ಹಾಗೂ ಜಾಮೀನುರಹಿತ ಅಪರಾಧ ಎಂದು ತೀರ್ಮಾನಿಸಿತು. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಎಫ್‌ಐಆರ್ ದಾಖಲಿಸಬಹುದು. 64ರ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ವಾರಂಟ್ ಇಲ್ಲದೆ ನಕಲು ಪ್ರತಿಗಳನ್ನೂ ಅವನ್ನು ಮಾಡಲು ಬಳಸಿದ 'ಪ್ಲೇಟ್'ಗಳನ್ನೂ ಜಪ್ತಿ ಮಾಡಬಹುದು. ಪ್ಲೇಟ್ ಎಂದರೆ ಲೋಹದ ತಗಡು ಮಾತ್ರ ಎಂದುಕೊಳ್ಳಬಾರದು. ಅಚ್ಚು, ಬ್ಲಾಕ್, ನೆಗೆಟಿವ್, ಟ್ರಾನ್ಸ್‌ಫರ್, ನಕಲು ತೆಗೆಯುವ ಯಾವುದೇ ಸಾಧನ, ಎಲ್ಲವೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಇಂದಿನ ಗಾಳಾದಲ್ಲಿ ಇದರರ್ಥ ಸ್ಕ್ರೀನ್ ಪ್ರಿಂಟಿಂಗಿನ ಚೌಕಟ್ಟು, ಚಿತ್ರವನ್ನು ಬಟ್ಟೆಗೆ ಇಳಿಸುವ ಡಿಟಿಎಫ್ ಫಿಲ್ಮಿನ ಸುರುಳಿ, ಮಗ್ಗಿಗೆ ಸುತ್ತುವ ಸಬ್ಲಿಮೇಷನ್ ಕಾಗದ. ಶರ್ಟುಗಳನ್ನಷ್ಟೇ ಎತ್ತಿಕೊಂಡು ಹೋಗಿ ಫಿಲ್ಮನ್ನು ಬಿಟ್ಟುಬಂದರೆ ಸಂಜೆಯ ಹೊತ್ತಿಗೆ ಹೊಸ ಶರ್ಟು ಸಿದ್ಧ. ಜಪ್ತಿಗೆ ತಕರಾರಿರುವವರು 15 ದಿನದೊಳಗೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಿಕೊಳ್ಳಬಹುದು, ಆದ್ದರಿಂದ ನಿರಪರಾಧಿ ವ್ಯಾಪಾರಿಗೆ ದಾರಿ ಮುಚ್ಚುವುದಿಲ್ಲ.

ಆದರೂ ಠಾಣೆಯ ಬಾಗಿಲಲ್ಲಿ ಕಲಾವಿದರು ಕೇಳಿಸಿಕೊಳ್ಳುವ ಉತ್ತರಗಳು ಮೂರು. 'ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ.' 'ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಎಲ್ಲಿ?' 'ಆನ್‌ಲೈನ್ ಅಲ್ಲವೇ, ಸೈಬರ್‌ನವರನ್ನು ಕೇಳಿ.' ಮೊದಲನೆಯದಕ್ಕೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಾಗಿದೆ. ಎರಡನೆಯದಕ್ಕೆ ಕಾಯ್ದೆಯೇ ಉತ್ತರ: ಚಿತ್ರ ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮೂರನೆಯದು ಕಲಾವಿದರನ್ನು ಎರಡು ಕಚೇರಿಗಳ ನಡುವೆ ಅಲೆಸುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯೂ ಬರೆದುಕೊಳ್ಳಬೇಕು. ಶರ್ಟು ಸೂರತ್‌ನಲ್ಲಿ ಅಚ್ಚಾಗಿದ್ದರೂ ಡೊಂಬಿವಲಿಯಲ್ಲಿ ದೂರು ಕೊಡಬಹುದು.

ತಪ್ಪು ಪೊಲೀಸರ ಕಡೆ ಮಾತ್ರ ಇದೆ ಎನ್ನಲಾರೆವು. ಬಹುಪಾಲು ದೂರುಗಳಲ್ಲಿ ನೋವು ಇರುತ್ತದೆ, ವಿಳಾಸ ಇರುವುದಿಲ್ಲ. ಎಲ್ಲಿಗೆ ಹೋಗಿ ಜಪ್ತಿ ಮಾಡಬೇಕು ಎಂದು ತಿಳಿಯದ ದೂರಿನಿಂದ ಸಬ್ ಇನ್‌ಸ್ಪೆಕ್ಟರ್ ಏನು ಮಾಡಿಯಾರು? ಪುಟದ ಸ್ಕ್ರೀನ್‌ಶಾಟ್ ತೆಗೆದು ಸಿಟ್ಟಿನಲ್ಲಿ ಮಾರಾಟಗಾರನಿಗೆ ಮೆಸೇಜ್ ಹಾಕಿದರೆ ಅರ್ಧ ಗಂಟೆಯಲ್ಲಿ ಪುಟ ಮಾಯವಾಗುತ್ತದೆ. ಸುಮ್ಮನಿದ್ದು ಮೊದಲು ಮಾಲನ್ನು ಕೊಳ್ಳಬೇಕು. ಹಣ ಯುಪಿಐನಲ್ಲೋ ಕಾರ್ಡಿನಲ್ಲೋ ಹೋಗಲಿ, ದಾಖಲೆ ಉಳಿಯುತ್ತದೆ. ಪಾರ್ಸಲ್ ಬಂದಾಗ ಮುಚ್ಚಿದ ಚೀಲದಿಂದ ಮಾಲು ಹೊರಬರುವವರೆಗೆ ಒಂದೇ ವಿಡಿಯೋ, ನಡುವೆ ಕತ್ತರಿಸದೆ ತೆಗೆಯಬೇಕು. ಚೀಲ, ಅದರ ಮೇಲಿನ ಚೀಟಿ, ಒಳಗಿನ ಬಿಲ್ಲು, ಯಾವುದನ್ನೂ ಎಸೆಯಬಾರದು. ಹೊರಚೀಟಿಯ ವಾಪಸಾತಿ ವಿಳಾಸ ಎಷ್ಟೋ ಸಲ ಆನ್‌ಲೈನ್ ಕಂಪನಿಯ ಗೋದಾಮಿನದು, ಅದನ್ನು ನಂಬಿ ಹೋದರೆ ಬರಿಗೈ. ಮಾರಾಟಗಾರ ಸಿಗುವುದು ಬಿಲ್ಲಿನಲ್ಲಿ. ಅಲ್ಲಿರುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು, 27 ಮಹಾರಾಷ್ಟ್ರ, 24 ಗುಜರಾತ್, 33 ತಮಿಳುನಾಡು, 07 ದೆಹಲಿ. ನಂತರದ ಹತ್ತು ಅಕ್ಷರ ಮಾಲೀಕರ ಪ್ಯಾನ್. ಅಂಗಡಿಯ ಹೆಸರು ವಾರಕ್ಕೊಮ್ಮೆ ಬದಲಾದೀತು, ಈ ಹತ್ತು ಅಕ್ಷರ ಬದಲಾಗದು. ಐದು ಅಂಗಡಿಗಳ ಹಿಂದೆ ಒಬ್ಬನೇ ಇದ್ದಾನೆ ಎಂಬುದು ಗೊತ್ತಾಗುವುದು ಇಲ್ಲಿಯೇ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ನೋಂದಾಯಿತ ಹೆಸರು ಬರುತ್ತದೆ. ಪೋಸ್ಟರ್, ಮಗ್ಗು, ಮೊಬೈಲ್ ಕವರಿನಂಥ ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಕ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ ಇರಬೇಕೆಂದು ತೂಕ-ಅಳತೆ ಕಾನೂನು ಹೇಳುತ್ತದೆ, ಅದನ್ನೂ ನೋಡಬೇಕು.

ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅನ್ವಯ. ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದಕ್ಕೆ ದೂರುದಾರರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲು ಚೂರು ಬದಲಾದರೂ ತಾನೂ ಬದಲಾಗುವ ಗುರುತು ಸಂಖ್ಯೆ. ಪುಟದ ವಿಳಾಸ, ದಿನಾಂಕ, ವೇಳೆ ಕಾಣದ ಕತ್ತರಿಸಿದ ಸ್ಕ್ರೀನ್‌ಶಾಟ್‌ಗೆ ಬೆಲೆ ಕಡಿಮೆ. ತಮಗೆ ತಾವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಲಕೋಟೆ ಒಡೆಯದೆ ಇಡುವ ಹಳೆಯ ಉಪಾಯವನ್ನು ನೆಚ್ಚಿಕೊಳ್ಳಬೇಡಿ. ಪದರಗಳಿರುವ ಮೂಲ ಫೈಲು, ಕಚ್ಚಾ ಸ್ಕೆಚ್ಚು, ಚಿತ್ರ ಬೆಳೆದ ಹಾದಿಯ ಟೈಮ್‌ಲ್ಯಾಪ್ಸ್ ಅದಕ್ಕಿಂತ ನೂರು ಪಾಲು ಗಟ್ಟಿ. ಸಾಧ್ಯವಿದ್ದವರು ಕಾಪಿರೈಟ್ ಕಚೇರಿಯಲ್ಲಿ ಫಾರ್ಮ್ 14 ತುಂಬಿ ನೋಂದಾಯಿಸಿಕೊಳ್ಳಲಿ, ಒಂದು ಚಿತ್ರಕ್ಕೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವ ಚಿತ್ರವಾದರೆ 2,000, ಡೈರಿ ಸಂಖ್ಯೆ (ಅರ್ಜಿಯ ದಾಖಲೆ ಸಂಖ್ಯೆ) ಸಿಕ್ಕ ಮೇಲೆ ಆಕ್ಷೇಪಣೆಗೆ 30 ದಿನ. ಕಡ್ಡಾಯವಲ್ಲದಿದ್ದರೂ ನೋಂದಣಿ ಪುಸ್ತಕದ ನಮೂದು ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಂದರೆ ಸುಳ್ಳೆಂದು ತೋರಿಸುವವರೆಗೆ ಒಪ್ಪುವ ಸಾಕ್ಷ್ಯ.

ದೂರು ನಡುದಾರಿಯಲ್ಲಿ ಮುರಿಯುವ ಎರಡು ಜಾಗಗಳನ್ನು ಇಲ್ಲಿ ಹೇಳಲೇಬೇಕು. ಯಾರಾದರೂ ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಮಾಲೀಕರು ಎನ್ನುತ್ತದೆ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್. 'ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ, ಇಂಥ ಬಳಕೆಗೆ ಮಾತ್ರ ಅನುಮತಿ' ಎಂಬ ಒಂದು ಸಾಲು ಕೆಲಸ ಒಪ್ಪಿಕೊಳ್ಳುವ ಇಮೇಲಿನಲ್ಲಿ ಇರಲೇಬೇಕು, ಅದಕ್ಕೆ ಎದುರಿನವರ ಒಪ್ಪಿಗೆ ಬರಹದಲ್ಲಿ ಬರಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಮಾಲೀಕರೋ ಅವರ ಅನುಮತಿ ಪಡೆದವರೋ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸರಕುಗಳ ಮೇಲೆ ಅಚ್ಚು ಹಾಕಿಬಿಟ್ಟರೆ ಅದರ ಕಾಪಿರೈಟೇ ಮುಗಿಯುತ್ತದೆ ಎನ್ನುತ್ತದೆ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್. ಸೀರೆಯ ಸೆರಗಿಗೆಂದೇ, ಬಟ್ಟೆಯ ಉದ್ದಕ್ಕೆಂದೇ ಬರೆದ ಮಾದರಿಗಳಿಗೆ ಈ ಅಪಾಯ ಹೆಚ್ಚು; ಗೋಡೆಗೆ ತೂಗುಹಾಕಲು ಬರೆದ ಚಿತ್ರದ ಸ್ಥಿತಿ ಬೇರೆ. ಎರಡನ್ನೂ ಬೇರ್ಪಡಿಸುವ ಮಾನದಂಡವನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲಿನಲ್ಲಿ ಕ್ರಯೋಗ್ಯಾಸ್ ಪ್ರಕರಣದಲ್ಲಿ ಹೇಳಿದೆ. ಬಟ್ಟೆಗೆ ಬರೆಯುವವರು ಮಾದರಿಯನ್ನು ಎಲ್ಲೂ ಪ್ರಕಟಿಸುವ ಮೊದಲೇ ಡಿಸೈನ್ ನೋಂದಣಿಗೆ ಅರ್ಜಿ ಹಾಕುವುದು ಒಳ್ಳೆಯದು.

ಈಗ ನಿಮ್ಮಿಂದ ಆಗಬೇಕಾದದ್ದು. ಹೊಸ ಕಾನೂನನ್ನು ನಾವು ಕೇಳುತ್ತಿಲ್ಲ. ಗೃಹ ಇಲಾಖೆಯೊಡನೆ ಮಾತಾಡಿ ಎಲ್ಲ ಠಾಣೆಗಳಿಗೂ ಒಂದು ಪುಟದ ಸುತ್ತೋಲೆ ಹೋಗುವಂತೆ ಮಾಡಿ: ಕಾಪಿರೈಟ್ ಕಾಯ್ದೆಯ 63 ಸಂಜ್ಞೇಯ, ನೋಂದಣಿ ಕಡ್ಡಾಯವಲ್ಲ, ಜಪ್ತಿಯಲ್ಲಿ ಫಿಲ್ಮು ಮತ್ತು ಸ್ಕ್ರೀನ್ ಸೇರಬೇಕು, ದೂರಿನ ಜೊತೆ ಇಂತಿಂಥ ಕಾಗದ ಇರಬೇಕು. ಮಹಾರಾಷ್ಟ್ರ ಸೈಬರ್ ಅಡಿಯಲ್ಲಿ 2017ರಲ್ಲೇ ಬೌದ್ಧಿಕ ಆಸ್ತಿ ಅಪರಾಧ ಘಟಕ ಶುರುವಾಗಿ ಸಿನಿಮಾ ಪೈರಸಿಯ ಬೆನ್ನು ಹತ್ತಿತು. ಅದೇ ಬಾಗಿಲು ಚಿತ್ರಕಾರರಿಗೂ ತೆರೆಯಲಿ. ಪ್ರಭಾದೇವಿಯ ಪು.ಲ. ದೇಶಪಾಂಡೆ ಕಲಾ ಅಕಾಡೆಮಿ ನಿಮ್ಮ ಇಲಾಖೆಯದೇ. ಅಲ್ಲಿ ವಾರಕ್ಕೊಂದು ದಿನ ಒಬ್ಬ ವಕೀಲರು, ಹ್ಯಾಶ್ ತೆಗೆದು ಪ್ರಮಾಣಪತ್ರಕ್ಕೆ ಸಹಿ ಹಾಕಬಲ್ಲ ಒಬ್ಬ ತಂತ್ರಜ್ಞರು ಕೂರಲಿ. ಈ ಎರಡನೆಯವರ ಸಹಿಗೆ ದುಡ್ಡು ತೆರಲಾಗದೆ ದೂರು ಬಿಟ್ಟುಬಿಡುವವರಿದ್ದಾರೆ ಎಂಬುದನ್ನು ಒತ್ತಿ ಹೇಳುತ್ತೇವೆ.

ಮಾಹಿತಿ ತಂತ್ರಜ್ಞಾನ ಸಚಿವರಾಗಿ ಆನ್‌ಲೈನ್ ಕಂಪನಿಗಳನ್ನು ಒಂದು ಪ್ರಶ್ನೆ ಕೇಳಿ. ಕಾಪಿರೈಟ್ ದೂರಿನಿಂದ ತೆಗೆದ ಮಾಲನ್ನು ಪದೇ ಪದೇ ಮಾರಲು ತರುವವರ ದಾಖಲೆ ಇಡಲು ಪ್ರಯತ್ನಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳ 5ನೇ ನಿಯಮ ಹೇಳುತ್ತದೆ. ಅಂಥವರನ್ನು ಹೊರಹಾಕಲೇಬೇಕೆಂಬ ಕಡ್ಡಾಯ ಅದರಲ್ಲಿಲ್ಲ, ನಿಜ. ಆದರೆ ದಾಖಲೆ ಇದ್ದರೆ ತನಿಖಾಧಿಕಾರಿ ಅದನ್ನು ಕೇಳಿ ಪಡೆಯಬಹುದು, ಗೊತ್ತಿದ್ದೇ ಮಾಡಿದ್ದು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಸರ್ಕಾರದ ಸ್ವಂತ ಮನೆಯ ವಿಷಯವೂ ಇದೆ. ಉತ್ಸವ, ಜಾಹೀರಾತು, ಫ್ಲೆಕ್ಸ್‌ಗಳ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಬಳಸಿದ ಪ್ರತಿ ಚಿತ್ರಕ್ಕೂ ಕಲಾವಿದರ ಲಿಖಿತ ಅನುಮತಿಯನ್ನು ಬಿಲ್ಲಿನ ಜೊತೆ ಲಗತ್ತಿಸದಿದ್ದರೆ ಹಣ ಪಾವತಿ ಇಲ್ಲ. ಗೂಗಲ್‌ನಿಂದ ಇಳಿಸಿಕೊಂಡ ಗಣಪತಿ ಸರ್ಕಾರಿ ಮುದ್ರೆಯ ಪಕ್ಕದಲ್ಲಿ ನಿಂತರೆ ಪ್ರಿಂಟಿಂಗ್ ಲೈನಿನವರಿಗೆ ಅದೇ ಪರವಾನಗಿಯಂತೆ ಕಾಣುತ್ತದೆ.

ಸಾರ್ವಜನಿಕ ಗಣೇಶೋತ್ಸವವನ್ನು 2025ರಲ್ಲಿ ರಾಜ್ಯ ಉತ್ಸವವೆಂದು ಸರ್ಕಾರ ಘೋಷಿಸಿತು. ಆ ಹಬ್ಬದ ಶರ್ಟು, ಬ್ಯಾನರು, ಆರತಿ ಪುಸ್ತಕಗಳ ಅಚ್ಚು ಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ಶುರುವಾಗುತ್ತದೆ. ಆದ್ದರಿಂದ ಸುತ್ತೋಲೆ ಮೇ ತಿಂಗಳೊಳಗೆ ಠಾಣೆ ತಲುಪಬೇಕು. ಸುತ್ತೋಲೆಯ ಕರಡನ್ನೂ ದೂರಿನ ಮಾದರಿ ನಮೂನೆಯನ್ನೂ ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಹೋಗುವ ಪ್ರತಿಯ ಜೊತೆ ಲಗತ್ತಿಸುತ್ತಿದ್ದೇವೆ. ತಿದ್ದುಪಡಿ ಬೇಕಿದ್ದರೆ ನಿಮ್ಮ ಅಧಿಕಾರಿಗಳ ಜೊತೆ ಕೂರಲು ಸಿದ್ಧರಿದ್ದೇವೆ.

ಇತಿ,
ಮುಂಬಯಿ ಮತ್ತು ಉಪನಗರಗಳ ಕನ್ನಡಿಗ ಚಿತ್ರಕಲಾವಿದರು, ವಿನ್ಯಾಸಕಾರರು