ಟೋಪಿ ಹಾಕಿ ಕೂರುವ ಹುಡುಗನ ವಿಚಾರ

ಮಾನ್ಯ ಪೋಷಕರೇ,

ಒಂಬತ್ತನೇ ತರಗತಿಯ ಒಬ್ಬ ಹುಡುಗ ಎರಡು ವಾರದಿಂದ ತರಗತಿಯೊಳಗೂ ಟೋಪಿ ಹಾಕಿಯೇ ಕೂರುತ್ತಿದ್ದಾನೆ. ಬೆಳಗಿನ ಪ್ರಾರ್ಥನೆಗೆ ಮೈದಾನಕ್ಕೆ ಇಳಿಯದೆ ಜಗಲಿಯ ನೆರಳಲ್ಲಿ ನಿಲ್ಲುತ್ತಾನೆ. "ಅವನಿಗೊಂದು ನ್ಯಾಯ, ನಮ್ಮ ಮಗನಿಗೊಂದು ನ್ಯಾಯವಾ ಮೇಡಂ?" ಎಂದು ಗೇಟಿನ ಬಳಿ ಒಬ್ಬ ತಾಯಿ ಕೇಳಿಯೇಬಿಟ್ಟರು. ಕೇಳಿದ್ದು ಒಳ್ಳೆಯದಾಯಿತು. ಅವನ ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಕಬಡ್ಡಿ ಅಭ್ಯಾಸದಲ್ಲಿ ಅವನು ಹಿಂದಕ್ಕೆ ಬಿದ್ದು ತಲೆ ನೆಲಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ, ಸ್ಕ್ಯಾನ್‌ನಲ್ಲೂ ಏನೂ ಕಾಣಲಿಲ್ಲ. ಆದರೂ ಡಾಕ್ಟರು ಕನ್‌ಕಷನ್ ಎಂದರು. ಬುರುಡೆಯೊಳಗೆ ಮಿದುಳು ಜೋರಾಗಿ ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದಕ್ಕೆ ಆ ಹೆಸರು. ಅದರಿಂದ ಅವನಿಗೆ ಜೋರು ಬೆಳಕು ಕಣ್ಣಿಗೆ ಚುಚ್ಚಿ ತಲೆನೋವು ಬರುತ್ತದೆ, ಟೋಪಿಯೂ ನೆರಳೂ ಅದಕ್ಕೇ. ಸ್ಕ್ಯಾನ್ ಮಾಡುವುದು ರಕ್ತಸ್ರಾವವೋ ಮೂಳೆ ಮುರಿತವೋ ಇದೆಯೇ ಎಂದು ನೋಡಲು. ಈ ಏರುಪೇರು ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. "ರಿಪೋರ್ಟ್ ನಾರ್ಮಲ್ ಬಂದಿದೆ, ಇನ್ನೇನು ನಾಟಕ" ಎಂಬ ಮಾತು ಹುಟ್ಟುವುದು ಇಲ್ಲೇ.

ಮೊದಲ ವಾರ ನನಗೂ ಹಾಗೇ ಅನ್ನಿಸಿತ್ತು, ಮುಚ್ಚಿಡುವುದಿಲ್ಲ. ಸರಿಯಾಗಿ ಗಣಿತದ ಪಿರಿಯಡ್‌ಗೇ ತಲೆನೋವು ಬರುತ್ತದಲ್ಲ ಎಂದುಕೊಂಡಿದ್ದೆ. ಆಮೇಲೊಂದು ದಿನ ಅದೇ ಹೊತ್ತಿಗೆ ಅವನ ಬೆಂಚಿನಲ್ಲಿ ಹೋಗಿ ಕೂತೆ. ನೆತ್ತಿಯ ಮೇಲೆ ಹಳೇ ಚೋಕ್‌ನ ಟ್ಯೂಬ್‌ಲೈಟು. ಪಕ್ಕದ ಕಿಟಕಿಯಾಚೆ ಸುಣ್ಣ ಬಳಿದ ಕಾಂಪೌಂಡು. ಊಟದ ನಂತರದ ಬಿಸಿಲು ಅದಕ್ಕೆ ಬಡಿದು ನೇರ ಕಣ್ಣಿಗೇ ಬರುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಂಥ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ ಎಂದು ವಿಜ್ಞಾನ ಶಿಕ್ಷಕರು ಹೇಳಿದರು. ನಮಗೆ ಗೊತ್ತೇ ಆಗದ ಆ ಮಿನುಗು ಇಂಥ ಮಕ್ಕಳನ್ನು ಕಾಡಬಹುದು. ಪಾಪ, ಗಣಿತದ್ದೇನೂ ತಪ್ಪಿರಲಿಲ್ಲ.

ಬೆಂಚು ಬದಲಾಯಿಸಿದೆವು, ಆ ಟ್ಯೂಬು ಆರಿಸಿದೆವು, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಸ್ಮಾರ್ಟ್ ಬೋರ್ಡಿನ ಪಾಠ ಅವನಿಗೆ ಹಾಳೆಯಲ್ಲಿ ಸಿಗುತ್ತದೆ. ಕಣ್ಣು ಚುಚ್ಚಲು ಶುರುವಾದರೆ ಕೈ ಎತ್ತದೆಯೇ ಎದ್ದು ಲೈಬ್ರರಿಗೆ ಹೋಗಿ ಹತ್ತು ನಿಮಿಷ ಕೂರಬಹುದು.

ಇನ್ನೊಂದು ವಿಷಯ ನನಗೆ ಹೊಸದು. ಪೆಟ್ಟು ಬಿದ್ದ ಮೇಲೆ ಅವನಜ್ಜಿ ಅಕ್ಕರೆಯಿಂದ ಕಿಟಕಿಗೆಲ್ಲ ಕಂಬಳಿ ಹೊದಿಸಿ ವಾರವಿಡೀ ಕತ್ತಲಲ್ಲಿ ಮಲಗಿಸಿದ್ದರು. ಮೊದಲ ಒಂದೆರಡು ದಿನ ವಿಶ್ರಾಂತಿ ಸರಿ, ಮೊಬೈಲು ಟಿವಿ ಕಡಿಮೆ ಮಾಡಿದ್ದೂ ಸರಿ. ಆದರೆ ಕಣ್ಣು ಕತ್ತಲಿಗೇ ಒಗ್ಗಿಬಿಟ್ಟರೆ ಸಾಧಾರಣ ಬೆಳಕೂ ಚುಚ್ಚುತ್ತದೆ ಎಂದರು ಡಾಕ್ಟರು. ಅದಕ್ಕೇ ಕೂಲಿಂಗ್ ಗ್ಲಾಸ್ ಬಿಸಿಲಿಗೆ ಮಾತ್ರ, ಒಳಗೆ ಟೋಪಿಯಷ್ಟೇ. ಈ ವಾರದಿಂದ ಬೆಳಗಿನ ಎರಡು ಪಿರಿಯಡ್ ಟೋಪಿಯನ್ನೂ ತೆಗೆಯುತ್ತಿದ್ದಾನೆ. ಹೆಚ್ಚಿನ ಮಕ್ಕಳು ಸುಮಾರು ನಾಲ್ಕು ವಾರದಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಪೂರ್ತಿ ವಾಸಿಯಾಗುವ ಮುನ್ನ ಮತ್ತೆ ತಲೆಗೆ ಪೆಟ್ಟಾದರೆ ಅಪಾಯ ಹೆಚ್ಚು. ಹಾಗಾಗಿ ಡಾಕ್ಟರ ಚೀಟಿ ಬರುವವರೆಗೆ ಕಬಡ್ಡಿ ಇಲ್ಲ, ಟೂರ್ನಮೆಂಟ್ ಇದ್ದರೂ ಇಲ್ಲ.

ಅವನನ್ನು ಕೆಲವರು "ಹೀರೋ ಬಂದ" ಎಂದು ಛೇಡಿಸುತ್ತಿದ್ದಾರೆ. ಯಾರ ಮಕ್ಕಳೆಂದು ಇಲ್ಲಿ ಬರೆಯುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ನೀವೇ ಒಂದು ಮಾತು ಕೇಳಿ.

ನಿಮ್ಮ ಮಗು ಮನೆಯಲ್ಲೋ ಸೈಕಲ್ಲಿಂದಲೋ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಎಣ್ಣೆ ಹಚ್ಚಿ ಮಲಗಿಸಿ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ, ನಮಗೂ ತಿಳಿಸಿ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು: ಇದರಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.

ಪರದೆ ಕಟ್ಟಿದ ಮೇಲೆ ಬೋರ್ಡು ಈಗ ಚೆನ್ನಾಗಿ ಕಾಣುತ್ತದೆ ಎಂದು ಆ ಸಾಲಿನ ಉಳಿದ ಮಕ್ಕಳೂ ಹೇಳುತ್ತಿದ್ದಾರೆ. ಎಂಟನೇ ತರಗತಿಯ ಮೂರು ಕಿಟಕಿಗೆ ಇನ್ನೂ ಆಗಿಲ್ಲ. ಮನೆಯಲ್ಲಿ ಹಳೇ ದಪ್ಪ ಬಟ್ಟೆ ಇದ್ದರೆ ಮಗುವಿನ ಕೈಲಿ ಕಳಿಸಿಕೊಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ