ಸ್ಕ್ರ್ಯಾಂಟನ್‌ನಿಂದ ಅಪ್ಪನಿಗೆ: ಜಾನ್ ಮಿಚೆಲ್ ಎಂಬ ಗಣಿ ಲೀಡರ್ ಬಗ್ಗೆ

ಸ್ಕ್ರ್ಯಾಂಟನ್, ಪೆನ್ಸಿಲ್ವೇನಿಯಾ
ಅಕ್ಟೋಬರ್ 29

ಅಪ್ಪಾ, ಅವ್ವಾ, ಇಬ್ಬರಿಗೂ ನಮಸ್ಕಾರ.

ನಾನು ಆರಾಮಿದ್ದೇನೆ. ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೊಂಡೇ ಡ್ಯೂಟಿಗೆ ಹೋಗುತ್ತೇನೆ, ಅವ್ವ ಚಿಂತೆ ಮಾಡಬೇಡ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ, "ಆ ಊರಾಗ ನೋಡಾಕ ಏನೈತಿ?" ಅಂತ. ಆಗ ಸುಮ್ನೆ "ಏನಿಲ್ಲ" ಅಂದುಬಿಟ್ಟೆ. ಇಲ್ಲ ಅಪ್ಪ, ಇದೆ. ನಿಮಗೇ ಹೇಳಬೇಕಾದ ವಿಷಯ ಇದೆ, ಆದರೆ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

ಇದು ಗಣಿ ಊರು. ನಮ್ಮ ಹಟ್ಟಿ ಕ್ಯಾಂಪಿನಲ್ಲಿ ಚಿನ್ನ, ಇಲ್ಲಿ ಕಲ್ಲಿದ್ದಲು. ಆಂತ್ರಸೈಟ್ ಅಂತಾರೆ, ಗಟ್ಟಿ ಕಲ್ಲಿದ್ದಲು, ಹೊಗೆ ಕಡಿಮೆ. ಒಂದು ಕಾಲದಲ್ಲಿ ನ್ಯೂಯಾರ್ಕ್, ಫಿಲಡೆಲ್ಫಿಯಾ ಮನೆಗಳು ಚಳಿಗಾಲದಲ್ಲಿ ಬೆಚ್ಚಗಿರುತ್ತಿದ್ದದ್ದು ಇದರಿಂದಲೇ. ಈಗ ಇಲ್ಲಿ ಅಗೆಯುವುದು ನಿಂತುಹೋಗಿದೆ. ಒಂದು ಹಳೇ ಗಣಿಯನ್ನು ಮಾತ್ರ ನೋಡುವವರಿಗೆ ತೆರೆದಿಟ್ಟಿದ್ದಾರೆ. ರಜೆ ದಿನ ಹೋಗಿದ್ದೆ. ಸುಮಾರು 300 ಅಡಿ ಕೆಳಗೆ ಹಳದಿ ಬಣ್ಣದ ಗಾಡಿಯಲ್ಲಿ ಇಳಿಸುತ್ತಾರೆ. ನೀವು ಇಳಿದ ಆಳಕ್ಕೆ ಇದು ಏನೇನೂ ಅಲ್ಲ, ಆದರೂ ಮೇಲಿನ ಬೆಳಕು ಮರೆಯಾದ ತಕ್ಷಣ ನಿಮ್ಮದೇ ನೆನಪು ಬಂತು. ನೀವು ಶಿಫ್ಟ್ ಮುಗಿಸಿ ಬಂದಾಗ ಅಂಗಿಯಿಂದ ಬರುತ್ತಿದ್ದ ಆ ಹಸಿ ಕಲ್ಲಿನ ವಾಸನೆ ಇದೆಯಲ್ಲ, ಅದೇ ವಾಸನೆ. ಒಂದು ಕಡೆಯಂತೂ ಪದರ ಎಷ್ಟು ತಗ್ಗು ಅಂದರೆ ಮನುಷ್ಯ ಮಗ್ಗುಲಾಗಿ ಮಲಗಿಕೊಂಡೇ ಅಗೆಯಬೇಕು.

ನಾನು ಬಸ್ ಹತ್ತುವ ಜಾಗದ ಹತ್ತಿರ ಕೋರ್ಟ್ ಇದೆ. ಅದರ ಅಂಗಳದಲ್ಲಿ ಉದ್ದ ಕೋಟಿನ ಒಬ್ಬ ಮನುಷ್ಯನ ಪ್ರತಿಮೆ. ತಿಂಗಳುಗಟ್ಟಲೆ ಯಾರೋ ಜಡ್ಜ್ ಇರಬೇಕು ಅಂದುಕೊಂಡಿದ್ದೆ. ಅವನು ಜಾನ್ ಮಿಚೆಲ್, ಗಣಿ ಕಾರ್ಮಿಕರ ಯೂನಿಯನ್ ಲೀಡರ್. ಇವತ್ತು ಅಕ್ಟೋಬರ್ 29. ಈ ಕಡೆಯ ಗಣಿ ಜನ ಇದನ್ನು ಮಿಚೆಲ್ ದಿನ ಅಂತ ಕರೆಯುತ್ತಿದ್ದರು, ಅವತ್ತು ಯಾರೂ ಗಣಿಗೆ ಇಳಿಯುತ್ತಿರಲಿಲ್ಲವಂತೆ. ಅದಕ್ಕೇ ಇವತ್ತೇ ಬರೆಯಲು ಕುಳಿತೆ.

ಅವನು ಹುಟ್ಟಿದ್ದು 1870ರಲ್ಲಿ, ಇಲಿನಾಯ್ ರಾಜ್ಯದ ಬ್ರೇಡ್‌ವುಡ್ ಎಂಬ ಕಲ್ಲಿದ್ದಲ ಊರಲ್ಲಿ. ಮಾತು ಕಲಿಯುವ ವಯಸ್ಸಿಗೇ ತಾಯಿ ಹೋದಳು, ಆರು ವರ್ಷಕ್ಕೆ ಅಪ್ಪ ಹೋದ. ಮಲತಾಯಿ ಬೆಳೆಸಿದಳು. 12ನೇ ವಯಸ್ಸಿಗೆ ಗಣಿಗಿಳಿದ. 28ನೇ ವಯಸ್ಸಿಗೆ, 1898ರಲ್ಲಿ, ಇಡೀ ಅಮೆರಿಕದ ಗಣಿ ಕಾರ್ಮಿಕರ ಯೂನಿಯನ್ನಿಗೆ ಅಧ್ಯಕ್ಷ! ನನಗಿಂತ ಚಿಕ್ಕವನು ಆಗ.

ಆದರೆ ಈ ಆಂತ್ರಸೈಟ್ ಪ್ರದೇಶದಲ್ಲಿ ಯೂನಿಯನ್ ಕಟ್ಟುವುದು ಆಗದ ಮಾತು ಅಂತಲೇ ಎಲ್ಲರೂ ಹೇಳುತ್ತಿದ್ದರು. ಯಾಕೆಂದರೆ ಐರಿಷ್‌ನವರು, ವೇಲ್ಸ್‌ನವರು, ಪೋಲೆಂಡಿನವರು, ಸ್ಲೋವಾಕರು, ಲಿಥುವೇನಿಯಾದವರು, ಇಟಲಿಯವರು, ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಮೊದಲು ಬಂದವನಿಗೆ ಆಮೇಲೆ ಬಂದವನ ಮೇಲೆ ಸಿಟ್ಟು, ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನ ಕಿತ್ತುಕೊಂಡರು ಅಂತ. 1897ರಲ್ಲಿ ಇಲ್ಲಿಂದ ಸ್ವಲ್ಪ ದೂರದ ಲ್ಯಾಟಿಮರ್‌ನಲ್ಲಿ ಬರಿಗೈಯಲ್ಲಿ ಮೆರವಣಿಗೆ ಹೊರಟ ಕಾರ್ಮಿಕರ ಮೇಲೆ ಶೆರಿಫ್‌ನ ಜನ ಗುಂಡು ಹಾರಿಸಿ 19 ಜನರನ್ನು ಕೊಂದರು. ಹೆಚ್ಚಿನವರು ಪೂರ್ವ ಯುರೋಪಿನಿಂದ ಬಂದ ಬಡವರು. ಕೇಸ್ ಆಯಿತು, ಒಬ್ಬನಿಗೂ ಶಿಕ್ಷೆ ಆಗಲಿಲ್ಲ.

ಅಂಥ ಜಾಗಕ್ಕೆ ಮಿಚೆಲ್ ಬಂದ. ಅವನೇನು ಗುಡುಗುವ ಭಾಷಣಕಾರ ಅಲ್ಲ. ಪಾದ್ರಿ ಥರ ಕಪ್ಪು ಕೋಟು, ಮೆಲುದನಿ. ಕುಳಿತು ಎದುರಿನವರ ಮಾತು ಕೇಳುತ್ತಿದ್ದ. "ನೀವು ಅಗೆಯುವ ಕಲ್ಲಿದ್ದಲು ಪೋಲಿಷೂ ಅಲ್ಲ, ಐರಿಷೂ ಅಲ್ಲ, ಕಲ್ಲಿದ್ದಲು ಅಷ್ಟೇ" ಅಂತ ಅವನು ಹೇಳಿದ ಮಾತನ್ನು ಈಗಲೂ ನೆನೆಯುತ್ತಾರೆ. 1900ರ ಸೆಪ್ಟೆಂಬರಿನಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಾಗ ಇಲ್ಲಿ ಯೂನಿಯನ್ ಮೆಂಬರುಗಳು ಹತ್ತು ಸಾವಿರವೂ ಇರಲಿಲ್ಲ, ಆದರೆ ಕೆಲಸ ಬಿಟ್ಟು ಹೊರಬಂದವರು ಲಕ್ಷ ದಾಟಿದರು. ಆರು ವಾರದಲ್ಲಿ ಸುಮಾರು 10 ಶೇಕಡ ಕೂಲಿ ಜಾಸ್ತಿ ಆಯಿತು. ಮುಷ್ಕರ ಮುಗಿದ ದಿನವೇ ಈ ಅಕ್ಟೋಬರ್ 29.

ದೊಡ್ಡ ಹೋರಾಟ ನಡೆದದ್ದು 1902ರಲ್ಲಿ. ಮೇ 12ಕ್ಕೆ ಶುರುವಾಗಿ ಅಕ್ಟೋಬರ್ 23ರವರೆಗೆ ನಡೆಯಿತು, ಒಟ್ಟು 163 ದಿನ. ಸುಮಾರು 1,47,000 ಜನ ಹೊರಗೆ. ಇಷ್ಟೊಂದು ಜನಕ್ಕೆ ಐದು ತಿಂಗಳು ಕೂಲಿ ಇಲ್ಲ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಕೇಳಿದ್ದು 20 ಶೇಕಡ ಕೂಲಿ ಏರಿಕೆ, ಎಂಟು ಗಂಟೆ ಕೆಲಸ, ಸರಿಯಾದ ತೂಕ. ಈ ತೂಕದ ವಿಷಯ ಓದಿ ನನಗೆ ಹೊಟ್ಟೆ ಉರಿಯಿತು ಅಪ್ಪ. ಟನ್ ಅಂದರೆ 2240 ಪೌಂಡ್, ಆದರೆ ಎಷ್ಟೋ ಗಣಿಗಳಲ್ಲಿ ಕಾರ್ಮಿಕ 2700ಕ್ಕೂ ಜಾಸ್ತಿ ಪೌಂಡ್ ತುಂಬಿದರೆ ಒಂದು ಟನ್ನಿನ ಲೆಕ್ಕ.

ಅದಕ್ಕಿಂತ ಜಾಸ್ತಿ ಕಣ್ಣಿಗೆ ಕಟ್ಟಿದ್ದು ಮಕ್ಕಳ ಫೋಟೋ. ಬ್ರೇಕರ್ ಅಂತ ಎತ್ತರದ ಕಟ್ಟಡ, ಮೇಲಿಂದ ಒಡೆದ ಕಲ್ಲಿದ್ದಲು ಜಾರುತ್ತಾ ಬರುತ್ತದೆ, ಅಡ್ಡ ಹಲಗೆಗಳ ಮೇಲೆ ಸಾಲಾಗಿ ಹುಡುಗರು ಬೆನ್ನು ಬಗ್ಗಿಸಿ ಕುಳಿತು ಅದರೊಳಗಿನ ಕಲ್ಲು ಆರಿಸಬೇಕು. ಎಂಟು, ಒಂಬತ್ತು ವರ್ಷದವರೂ ಇದ್ದರು. ಕೈಗೆ ಗ್ಲೌಸ್ ಇಲ್ಲ, ಹಾಕಿಕೊಂಡರೆ ಕಲ್ಲು ಯಾವುದು, ಕಲ್ಲಿದ್ದಲು ಯಾವುದು ಬೆರಳಿಗೆ ಗೊತ್ತಾಗಲ್ಲ ಅಂತ ಬಿಡುತ್ತಿರಲಿಲ್ಲ. ಬೆರಳ ತುದಿ ಊದಿ, ಬಿರಿದು, ರಕ್ತ ಬರುತ್ತಿತ್ತು. ಆಸ್ಪತ್ರೆಯಲ್ಲಿ ದಿನಾ ಮಕ್ಕಳ ಬೆರಳಿಗೆ ಸೂಜಿ ಚುಚ್ಚುವವಳು ನಾನು, ಆ ಫೋಟೋ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮಾಲೀಕರು ಮಾತಿಗೇ ಬರಲಿಲ್ಲ. ಅವರ ಪರ ಮುಂದೆ ನಿಂತವನು ಜಾರ್ಜ್ ಬೇರ್, ರೀಡಿಂಗ್ ರೈಲ್ವೆ ಕಂಪನಿಯ ಅಧ್ಯಕ್ಷ. ದೇವರು ಯಾರ ಕೈಗೆ ಆಸ್ತಿ ಕೊಟ್ಟಿದ್ದಾನೋ ಆ ಧರ್ಮವಂತರೇ ಕಾರ್ಮಿಕರನ್ನು ನೋಡಿಕೊಳ್ಳುತ್ತಾರೆ, ಚಳವಳಿ ಮಾಡುವವರಲ್ಲ ಅಂತ ಕಾಗದ ಬರೆದ. ಅದು ಪೇಪರಿನಲ್ಲಿ ಬಂದು ಊರೆಲ್ಲಾ ಉಗಿಯಿತು.

ಚಳಿಗಾಲ ಹತ್ತಿರ ಬಂತು, ಊರುಗಳಲ್ಲಿ ಕಲ್ಲಿದ್ದಲು ಇಲ್ಲ. ಅಕ್ಟೋಬರ್ 3ರಂದು ಪ್ರೆಸಿಡೆಂಟ್ ಥಿಯೋಡರ್ ರೂಸ್‌ವೆಲ್ಟ್ ಮಾಲೀಕರನ್ನೂ ಮಿಚೆಲ್‌ನನ್ನೂ ವಾಷಿಂಗ್ಟನ್ನಿಗೆ ಕರೆಸಿದ. ಗಾಡಿ ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ರೂಸ್‌ವೆಲ್ಟ್ ಗಾಲಿ ಕುರ್ಚಿಯಲ್ಲಿ ಕುಳಿತಿದ್ದ. ಮಿಚೆಲ್ ಎದ್ದು ಹೇಳಿದ, ನೀವೇ ಒಂದು ಕಮಿಟಿ ಮಾಡಿ, ಅದು ಏನು ಹೇಳಿದರೂ ಒಪ್ಪುತ್ತೇವೆ. ಮಾಲೀಕರು ಅವನ ಮುಖ ನೋಡಿ ಮಾತಾಡಲೂ ಒಪ್ಪಲಿಲ್ಲ, ಪ್ರೆಸಿಡೆಂಟನ ಮೇಲೇ ರೇಗಿದರು. ಅವತ್ತು ಆ ಕೋಣೆಯಲ್ಲಿ ಸಭ್ಯತೆಯಿಂದ ನಡೆದುಕೊಂಡವನು ಒಬ್ಬನೇ, ಅದು ನಾನಲ್ಲ ಅಂತ ರೂಸ್‌ವೆಲ್ಟ್ ಆಮೇಲೆ ಹೇಳಿದನಂತೆ. ಗಣಿಯಲ್ಲಿ ಬೆಳೆದ ಅನಾಥ ಹುಡುಗನ ಬಗ್ಗೆ ಆಡಿದ ಮಾತು ಅದು, ಅಪ್ಪ.

ಕೊನೆಗೆ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ನಡುವೆ ಬಂದ ಮೇಲೆ ಮಾಲೀಕರು ಕಮಿಟಿಗೆ ಒಪ್ಪಿದರು. ಆದರೆ ಯೂನಿಯನ್ನಿನವರು ಯಾರೂ ಇರಬಾರದು, ಬೇಕಾದರೆ ಒಬ್ಬ ಸಮಾಜಶಾಸ್ತ್ರಜ್ಞ ಇರಲಿ ಅಂದರು. ರೂಸ್‌ವೆಲ್ಟ್ ಆ ಜಾಗಕ್ಕೆ ರೈಲ್ವೆ ಕಂಡಕ್ಟರುಗಳ ಯೂನಿಯನ್ ಮುಖಂಡನನ್ನು ಸಮಾಜಶಾಸ್ತ್ರಜ್ಞ ಅಂತಲೇ ಹೆಸರಿಟ್ಟು ಕೂರಿಸಿದ! ವಿಚಾರಣೆ ಶುರುವಾದದ್ದು ನಾನು ದಿನಾ ನೋಡುವ ಈ ಕೋರ್ಟಿನಲ್ಲೇ, ನವೆಂಬರಿನಲ್ಲಿ. ಕಾರ್ಮಿಕರ ವಕೀಲ ಕ್ಲಾರೆನ್ಸ್ ಡ್ಯಾರೋ. ಮೊದಲ ಸಾಕ್ಷಿ ಮಿಚೆಲ್, ಅವನನ್ನು ದಿನಗಟ್ಟಲೆ ಪಾಟಿ ಸವಾಲು ಮಾಡಿದರು, ಒಮ್ಮೆಯೂ ತಾಳ್ಮೆ ಕಳೆದುಕೊಳ್ಳಲಿಲ್ಲ. ಒಟ್ಟು 558 ಸಾಕ್ಷಿಗಳು. 1903ರ ಮಾರ್ಚಿನಲ್ಲಿ ತೀರ್ಪು ಬಂತು. 10 ಶೇಕಡ ಏರಿಕೆ, ಹೆಚ್ಚಿನವರಿಗೆ ಹತ್ತರ ಬದಲು ಒಂಬತ್ತು ಗಂಟೆ ಕೆಲಸ, ತೂಕ ನೋಡಲು ಕಾರ್ಮಿಕರು ತಮ್ಮ ಖರ್ಚಿನಲ್ಲಿ ತಮ್ಮವನನ್ನೇ ಇಟ್ಟುಕೊಳ್ಳಬಹುದು. ಯೂನಿಯನ್ನಿಗೆ ಮಾನ್ಯತೆ ಮಾತ್ರ ಸಿಗಲಿಲ್ಲ.

ಗಣಿ ಮನೆಗಳಲ್ಲಿ ದೇವರ ಫೋಟೋ ಪಕ್ಕ ಅವನ ಫೋಟೋ ಇರುತ್ತಿತ್ತಂತೆ. "ಜಾನಿ ಡ ಮಿಚ್" ಅಂತ ತಮ್ಮದೇ ಇಂಗ್ಲಿಷಿನಲ್ಲಿ ಕರೆಯುತ್ತಿದ್ದರು.

ಈಗ ನಿಮಗೆ ಸಿಟ್ಟು ಬರುವ ವಿಷಯ. ನೀವು ಯಾವಾಗಲೂ ಹೇಳುತ್ತೀರಲ್ಲ, ಸಾಹೇಬರ ಜೊತೆ ಚಹಾ ಕುಡಿಯೋದು ರೂಢಿಯಾದ ಲೀಡರ್ ನಮ್ಮವನಾಗಿ ಉಳಿಯಲ್ಲ ಅಂತ. ಮಿಚೆಲ್ ದೊಡ್ಡ ದೊಡ್ಡ ಮಾಲೀಕರಿದ್ದ ಒಂದು ಸಂಘದಲ್ಲಿ ಅವರ ಜೊತೆ ಕುಳಿತ. ಗಣಿ ಜನಕ್ಕೂ ಅವನಿಗೂ ನಡುವೆ ದೂರ ಬೆಳೆಯಿತು. ಕುಡಿತ ಜಾಸ್ತಿಯಾಯಿತು, ಆರೋಗ್ಯ ಕೆಟ್ಟಿತು. 1908ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ. 1911ರಲ್ಲಿ ಅವನದೇ ಯೂನಿಯನ್, ಆ ಸಂಘ ಬೇಕಾ, ನಾವು ಬೇಕಾ ಅಂತ ಕೇಳಿತು. ಅವನು ಯೂನಿಯನ್ ಮೆಂಬರಾಗಿಯೇ ಉಳಿದ. 1919ರಲ್ಲಿ, 49ನೇ ವಯಸ್ಸಿಗೆ, ನ್ಯುಮೋನಿಯಾದಿಂದ ತೀರಿಕೊಂಡಾಗ ಅವನು ಬಿಟ್ಟುಹೋದ ಆಸ್ತಿ ಹೆಚ್ಚುಕಡಿಮೆ ಎರಡೂವರೆ ಲಕ್ಷ ಡಾಲರ್. ಇದನ್ನು ಓದಿ ನನಗೆ ಬಹಳ ಬೇಜಾರಾಯಿತು. ಎರಡು ದಿನ ಬಸ್ಸಿಗೆ ಕಾಯುವಾಗ ಆ ಪ್ರತಿಮೆ ಕಡೆ ನೋಡಲೇ ಇಲ್ಲ.

ಆದರೂ ಒಂದು ಕೇಳುತ್ತೇನೆ. 1902ರ ಜುಲೈಯಲ್ಲಿ ಬೇರೆ ರಾಜ್ಯದ ಗಣಿಗಳವರು ನಾವೂ ಕೆಲಸ ಬಿಟ್ಟು ಹೊರಗೆ ಬರುತ್ತೇವೆ ಅಂದಾಗ, ಅವನು ಬೇಡ ಅಂದ. ನಿಮ್ಮ ಮಾಲೀಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದೀರಿ, ಕೊಟ್ಟ ಮಾತು ಮುರಿಯಬೇಡಿ, ದುಡಿದು ಇವರಿಗೆ ದುಡ್ಡು ಕಳಿಸಿ ಅಂದ. ಅವರು ಹಾಗೇ ಮಾಡಿದರು, ಆ ದುಡ್ಡಿನಿಂದಲೇ ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ನನಗೆ ಅವನು ಮಾಡಿದ್ದು ಸರಿ ಅನ್ನಿಸುತ್ತದೆ. ಎಲ್ಲರೂ ಹೊರಗೆ ಬಂದಿದ್ದರೆ ಕಳಿಸುವವರು ಯಾರು? ನೀವು ಆ ಸಭೆಯಲ್ಲಿ ಇದ್ದಿದ್ದರೆ ಮುಷ್ಕರಕ್ಕೆ ಕೈ ಎತ್ತುತ್ತಿದ್ದಿರಾ, ಇಲ್ಲವಾ? ಯೋಚನೆ ಮಾಡಿ ಬರೆಯಿರಿ. ಫೋನಿನಲ್ಲಿ ಬೇಡ, ನಿಮ್ಮ ಕೈಬರಹದಲ್ಲಿ ಬೇಕು.

ಅವನ ಸಮಾಧಿಯೂ ಇದೇ ಊರಲ್ಲಿದೆ. ಈ ಭಾನುವಾರ ಡ್ಯೂಟಿ ಇಲ್ಲ, ಹೋಗಿ ನಿಮ್ಮ ಹೆಸರಲ್ಲೂ ಒಂದು ಹೂವು ಇಟ್ಟು ಬರುತ್ತೇನೆ. ನೀವು ಬೇಡ ಅಂದರೂ ಇಡುತ್ತೇನೆ.

ಅವ್ವ, ಶೇಂಗಾ ಚಟ್ನಿ ಪುಡಿ ಮುಗಿಯಿತು. ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸು, ಜೋಳದ ರೊಟ್ಟಿಯನ್ನೂ ಕಡಕ್ ಮಾಡಿ ಕಟ್ಟು.

ನಿಮ್ಮ ಮಗಳು